ಕರವಸ್ತ್ರದ ದೇಶಭಕ್ತಿ

ಸ್ವಾತಂತ್ರ್ಯ ದಿನೋತ್ಸವ ಬಂತೆಂದರೆ ಅತಿಥಿಗಳಿಗೆ ಕೊಡುವ ಉಡುಗೊರೆಯ ಚರ್ಚೆ ಏಳುತ್ತದೆ. ಕೋಟಿನ ಜೇಬಿಗೆ ಮೂರು ಬಣ್ಣದ ಕರವಸ್ತ್ರ, ಅದರ ಮೂಲೆಯಲ್ಲಿ ಕೊಟ್ಟ ಸಂಸ್ಥೆಯ ಹೆಸರು. ಇಷ್ಟಾದರೆ ದೇಶಭಕ್ತಿ ಮುಗಿಯಿತೆಂದು ತಿಳಿಯುವವರುಂಟು.

ಕಾಯಿದೆ ಹಾಗೆ ಹೇಳುವುದಿಲ್ಲ. ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯಿದೆಯಂತೆ ರಾಷ್ಟ್ರಧ್ವಜವನ್ನು ಕರವಸ್ತ್ರದ ಮೇಲೆ ಮುದ್ರಿಸುವುದಾಗಲಿ, ಕಸೂತಿ ಹಾಕುವುದಾಗಲಿ ಅಪರಾಧ. 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಹಾಗಾದರೆ ಕರವಸ್ತ್ರದಲ್ಲಿ ದೇಶವೆಲ್ಲಿದೆ? ನೂತ ಕೈಯಲ್ಲಿ, ನೇಯ್ದ ಕೈಯಲ್ಲಿ, ಅಂಚು ಹೊಲಿದ ಕೈಯಲ್ಲಿದೆ. ಧ್ವಜದ ವಿಷಯದಲ್ಲೇ ನಾವು ಈ ಕೈಗಳನ್ನು ಮರೆತೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಡಲಾಯಿತು. 2022ರಲ್ಲಿ ಮನೆಮನೆಯ ಮೇಲೂ ಬಾವುಟ ಹಾರಿಸಿರೆಂದು ಸರ್ಕಾರ ಕರೆಕೊಟ್ಟಿತು. ಅದೇ ವರ್ಷ ಬೆಂಗೇರಿಯವರು ಈ ತಿದ್ದುಪಡಿಯ ವಿರುದ್ಧ ಪ್ರತಿಭಟಿಸಬೇಕಾಯಿತು.

ನಮ್ಮ ಜಿಲ್ಲೆಯಲ್ಲಿ ಹತ್ತಿಗೂ ಕೊರತೆಯಿಲ್ಲ, ಕಸುಬಿಗೂ ಕೊರತೆಯಿಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ಖಾದಿಯ ಚೌಕದ ಮೇಲೆ ಆ ಕಸೂತಿಯ ಒಂದು ಸಾಲು ಸಾಲದೆ?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಚೇರಿಗಳೂ ಸಹಕಾರ ಸಂಘಗಳೂ ಶಾಲೆಗಳೂ ಮುಂದಿನ ಉತ್ಸವಕ್ಕೆ ಇಂಥ ಕರವಸ್ತ್ರಗಳನ್ನೇ ಕೊಳ್ಳಲಿ. ದಲ್ಲಾಳಿಯ ಮೂಲಕ ಬೇಡ. ಕೂಲಿಯು ನೇರವಾಗಿ, ಸಾಲವಿಲ್ಲದೆ ಸಲ್ಲಲಿ. ಒಂದು ಮೂಲೆಯಲ್ಲಿ ಕೊಟ್ಟವರ ಹೆಸರಿದ್ದರೆ ಇನ್ನೊಂದು ಮೂಲೆಯಲ್ಲಿ ಹೊಲಿದವಳ ಹೆಸರಿರಲಿ. ದುಡಿದವಳಿಗೆ ಅನ್ನ ಕೊಡದ ಉಡುಗೊರೆಯಿಂದ ದೇಶಕ್ಕೆ ಗೌರವ ಬರುವುದಿಲ್ಲ.