ಗೋಲು ತಡೆದವರ ಲೆಕ್ಕ

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಕಾಣುವುದು ಬಹುಮಟ್ಟಿಗೆ ಅವನು ಎಡವಿದ ದಿನ. ನೌಷಾದ್ ಮೂಸಾ ಅವರ ವೃತ್ತಿಜೀವನವನ್ನು ಗಮನಿಸಿದಾಗ, ಆಟ ಬಿಟ್ಟ ಮೇಲೂ ಈ ನಿಯಮ ರಕ್ಷಣಾ ಆಟಗಾರನನ್ನು ಬಿಡುವುದಿಲ್ಲವೆಂದು ನನಗನ್ನಿಸುತ್ತದೆ.

ಮುಂಬೈನ ಮೂಸಾ ಈಸ್ಟ್ ಬೆಂಗಾಲ್‌ನಂಥ ತಂಡದ ರಕ್ಷಣಾ ಸಾಲಿನಲ್ಲಿ ಆಡಿದವರು. ಬಳಿಕ ಏರ್ ಇಂಡಿಯಾ ತಂಡದ ತರಬೇತುದಾರರಾದವರು. 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿ, ಅಲ್ಲಿನ ಎರಡನೇ ತಂಡದ ಹುಡುಗರನ್ನು ಪಳಗಿಸುವ ಹೊಣೆ ಹೊತ್ತರು. 2021ರ ಜನವರಿಯಲ್ಲಿ ಮುಖ್ಯ ತರಬೇತುದಾರ ಕಾರ್ಲ್ಸ್ ಕ್ವಾದ್ರಾತ್ ನಿರ್ಗಮಿಸಿದಾಗ ಕ್ಲಬ್ಬು ಲೀಗ್‌ನ ನಡುವೆಯೇ ತಂಡವನ್ನು ಮೂಸಾ ಕೈಗಿತ್ತಿತು. ಮರುತಿಂಗಳೇ ಮತ್ತೊಬ್ಬ ವಿದೇಶಿ ತರಬೇತುದಾರರ ನೇಮಕವಾಯಿತು. ವಿದೇಶಿಯರಿಂದ ನಾವು ಕಲಿತದ್ದು ಸಣ್ಣದಲ್ಲ. 2018-19ರ ಐಎಸ್‌ಎಲ್ ಕಿರೀಟ ತಂದವರು ಇದೇ ಕ್ವಾದ್ರಾತ್. ಆದರೆ ಮಾಡು ಸೋರುವಾಗ ಮನೆಯವನನ್ನು ಕೂಗಿ, ಮಳೆ ನಿಂತೊಡನೆ ಹಿತ್ತಲಿಗೆ ಕಳುಹಿಸುವ ಈ ರೂಢಿ ನನಗೆ ಒಪ್ಪಿಗೆಯಾಗದು.

ಮೂಸಾ ಹಿತ್ತಲಿನಲ್ಲಿಯೇ ಬೆಳೆ ತೆಗೆದರು. ಅದೇ ವರ್ಷ ಎಳೆಯರೇ ತುಂಬಿದ್ದ ತಂಡವನ್ನು ಡ್ಯುರಾಂಡ್ ಕಪ್‌ನ ಸೆಮಿಫೈನಲ್‌ವರೆಗೆ ಒಯ್ದರು. 2022ರಲ್ಲಿ ಅವರ ಹುಡುಗರು ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದರು. ಅವರ ಗರಡಿಯಲ್ಲಿ ಬೆಳೆದ ಶಿವಶಕ್ತಿ ನಾರಾಯಣನ್, 2022ರ ಸೆಪ್ಟೆಂಬರ್‌ನಲ್ಲಿ ಮುಂಬೈ ಸಿಟಿಯ ವಿರುದ್ಧ 2-1ರಿಂದ ಗೆದ್ದ ಡ್ಯುರಾಂಡ್ ಫೈನಲ್‌ನಲ್ಲಿ ಗೋಲು ಹೊಡೆದರು. ಆ ಗೋಲಿನ ಪಕ್ಕದಲ್ಲಿ ಕಲಿಸಿದವರ ಹೆಸರು ಬರೆಯುವ ಪದ್ಧತಿಯಿಲ್ಲ, ಬಿಡಿ.

ಬೆಂಗಳೂರಿನ ಈ ಸಂಗತಿಯನ್ನು ಕೂಡಲಸಂಗಮದ ಕಡೆಯವನಾದ ನಾನು ಎತ್ತಲು ಕಾರಣವಿದೆ. ಶಿವಶಕ್ತಿ ತಮಿಳುನಾಡಿನವರು, ಅವರೊಡನೆ ಅದೇ ತಂಡದಿಂದ ಮೇಲೇರಿದ ರೋಶನ್ ಸಿಂಗ್ ಮಣಿಪುರದವರು. ಹುನಗುಂದ, ಬಾದಾಮಿ, ಇಳಕಲ್ ಸೀಮೆಯ ಹುಡುಗರು ಆ ಬಾಗಿಲವರೆಗೆ ಹೋಗುವುದೆಂತು? ಇಲ್ಲಿ ಕಾಲಿನ ಕಸುವಿಗೆ ಕೊರತೆಯಿಲ್ಲ. ಕುಸ್ತಿಯಲ್ಲಿ ವಯಸ್ಸಾದ ಪೈಲ್ವಾನರು ಗರಡಿಯ ಕಟ್ಟೆಯಲ್ಲಿ ಕುಳಿತು, ಎಳೆಯನ ಹಿಡಿತ ಸಡಿಲವಾದ ಕ್ಷಣವೇ ಗದರಿಸುತ್ತಾರೆ. ವಿದ್ಯೆ ಹಾಗೆಯೇ ದಾಟುತ್ತದೆ. ಫುಟ್‌ಬಾಲ್‌ಗೆ ನಮ್ಮಲ್ಲಿ ಅಂಥ ಕಟ್ಟೆಯೇ ಇಲ್ಲ. ಎಲ್ಲಿ ನಿಲ್ಲಬೇಕು, ಎದುರಾಳಿಯನ್ನು ಯಾವ ಮಗ್ಗುಲಿಗೆ ತಳ್ಳಬೇಕು, ಯಾವಾಗ ಕಾಲು ಚಾಚಬಾರದು ಎಂಬ ರಕ್ಷಣೆಯ ವಿದ್ಯೆ ಟಿ.ವಿ. ನೋಡಿ ಬರುವಂಥದ್ದಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ರಕ್ಷಕನ ಕೆಲಸದ ಮುಕ್ಕಾಲು ಪಾಲು ನಡೆಯುವುದು ಚೆಂಡಿಲ್ಲದ ಕಡೆ.

ಮೂಸಾ ಅವರಿಗೆ ಮುಂದೆ ಭಾರತದ 23 ವರ್ಷದೊಳಗಿನವರ ತಂಡದ ಹೊಣೆ ದೊರೆಯಿತು. 2025ರ ಸೆಪ್ಟೆಂಬರ್‌ನ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಆ ತಂಡ ಬಹರೇನ್ ಮತ್ತು ಬ್ರೂನೈಗಳನ್ನು ಸೋಲಿಸಿ, ಆತಿಥೇಯ ಕತಾರ್‌ಗೆ 1-2ರಿಂದ ಮಣಿದು, ಕೂದಲೆಳೆಯಲ್ಲಿ ಅವಕಾಶ ಕಳೆದುಕೊಂಡಿತು. ಮನ್ನಣೆ ತಡವಾಗಿಯಾದರೂ ಬಂತು ಎನ್ನೋಣ. ಆದರೆ ಜಿಲ್ಲೆಗಳ ಪಾಡು? ಸರ್ಕಾರ ಕ್ರೀಡಾಂಗಣ ಕಟ್ಟಿಸಲು ತೋರುವ ಉತ್ಸಾಹವನ್ನು ತರಬೇತುದಾರರ ನೇಮಕದಲ್ಲಿ ತೋರುವುದಿಲ್ಲ; ಕಟ್ಟಡಕ್ಕೆ ಉದ್ಘಾಟನೆಯ ಕಲ್ಲು ಕೂರಿಸಬಹುದು, ತರಬೇತುದಾರನಿಗೆ ಅದನ್ನು ಎಲ್ಲಿ ಅಂಟಿಸುವುದು? ಬೇಸಿಗೆಯ ಹದಿನೈದು ದಿನಗಳ ಶಿಬಿರದಿಂದ ಯಾವ ರಕ್ಷಕನೂ ತಯಾರಾಗಲಾರ. ಬೆಂಗಳೂರಿನ ಲೀಗ್‌ಗಳಲ್ಲಿ ಆಡಿ ನಿವೃತ್ತರಾದವರಲ್ಲಿ ಒಬ್ಬರನ್ನು, ಸರಿಯಾದ ಸಂಬಳ ಕೊಟ್ಟು, ಬಾಗಲಕೋಟೆಯಲ್ಲಿ ಐದು ವರ್ಷ ಇರಿಸಲಿ. ಅವರು ಮೊದಲ ಮೂರು ವರ್ಷ ಯಾವ ಕಪ್ಪನ್ನೂ ತರಲಾರರು. ಅದಕ್ಕಾಗಿ ಅವರನ್ನು ವರ್ಗ ಮಾಡದಿದ್ದರೆ ಸಾಕು.