ಇಂಗಿನ ಡಬ್ಬಿ ತಿರುಗಿಸಿ ನೋಡಿ (ಭಾಗ 4)

ನಂಗೆ ಸೀಲಿಯಾಕ್ ಇದೆ. ಗೋಧಿ, ಮೈದಾ, ರವೆ ಒಂದು ಚೂರು ಹೋದ್ರೂ ಕರುಳು ಕೆಡುತ್ತೆ. "ಇಡ್ಲಿ ತಿನ್ನು, ಅಕ್ಕಿ ತಾನೇ?" ಅಂತಾರೆ ಎಲ್ರೂ. ಇಡ್ಲಿ ಓಕೆ, ಸಾಂಬಾರ್? ನಿಮ್ಮನೆ ಇಂಗಿನ ಡಬ್ಬಿ ಹಿಂದೆ ಓದಿ: ಗೋಂದು, ಇಂಗು, ಜೊತೆಗೆ ಬಹಳಷ್ಟು ಸಲ ಗೋಧಿ ಹಿಟ್ಟು! ಕ್ಯಾಂಟೀನ್ ಅಣ್ಣನ್ನ ಕೇಳಿದ್ರೆ "ಚಿಟಿಕೆ ಇಂಗು ಕಣಮ್ಮ, ಏನೂ ಆಗಲ್ಲ" ಅಂದ್ರು. ಆಯ್ತು. ಇಂಟರ್ನಲ್ಸ್ ದಿನ ಬಾತ್‌ರೂಮಲ್ಲಿದ್ದೆ.

2020ರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ಗ್ಲುಟನ್ ಇದ್ರೆ ಬರೀಲೇಬೇಕು. ಹೋಟೆಲ್‌ಗಳು? ಕೇಂದ್ರ ಲೈಸೆನ್ಸ್ ಅಥವಾ 10 ಕಡೆ ಶಾಖೆ ಇದ್ದವರಿಗೆ ಮಾತ್ರ ಕಡ್ಡಾಯ. ನಾವು ದಿನಾ ತಿನ್ನೋ ದರ್ಶಿನಿಗಲ್ಲ. ದೊಡ್ಡ ಹೋಟೆಲ್ ಗಿರಾಕಿಗೆ ಮಾತ್ರ ಹೊಟ್ಟೆ ಇರೋದಾ?

ಬಿಕಾಂ ಓದೋಳು, ಖರ್ಚೂ ಲೆಕ್ಕ ಹಾಕಿದೀನಿ: ಒಂದು ಸೀಮೆಸುಣ್ಣ. "ಸಾಂಬಾರಲ್ಲಿ ಗೋಧಿ ಇದೆ" ಅಂತ 'ಇಂದಿನ ಸ್ಪೆಷಲ್' ಬೋರ್ಡಲ್ಲೇ ಬರೀರಿ, ಜಾಗ ಇದೆ.