ಓದುವುದೆಂದರೆ ಒದರುವುದಲ್ಲ

ಮೊನ್ನೆ ನಮ್ಮ ಬೀದಿಯ ಒಬ್ಬ ತಾಯಿ ಎರಡನೆಯ ತರಗತಿಯ ಮಗಳನ್ನು ಕರೆತಂದು ನನ್ನೆದುರು ಕೂರಿಸಿದರು. "ಟೀಚರ್, ಇವಳು ಎಷ್ಟು ಚೆನ್ನಾಗಿ ಓದ್ತಾಳೆ ಕೇಳಿ" ಎಂದರು. ಮಗು ಪುಣ್ಯಕೋಟಿಯ ಕಥೆಯನ್ನು ಒಂದೇ ಉಸಿರಿಗೆ ಓದಿತು. ಒತ್ತಕ್ಷರ ಒಂದೂ ತಪ್ಪಲಿಲ್ಲ. ನಾನು ಪುಸ್ತಕ ಮಡಿಸಿ, "ಪುಟ್ಟೀ, ಕೊನೆಗೆ ಹುಲಿ ಯಾಕೆ ಪ್ರಾಣ ಬಿಟ್ಟಿತು?" ಎಂದು ಕೇಳಿದೆ. ಮಗು ತಾಯಿಯ ಮುಖ ನೋಡಿತು. ತಾಯಿ ನನ್ನ ಮುಖ ನೋಡಿ, "ಆ ಪ್ರಶ್ನೆ ನೋಟ್ಸಲ್ಲಿ ಇಲ್ಲ ಟೀಚರ್" ಎಂದರು.

ಆ ತಾಯಿಯನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ನೋಟ್ಸ್ ಬರೆಸುವವರು ನನ್ನಂಥ ಶಿಕ್ಷಕಿಯರೇ. ಪಾಠ ಮುಗಿದ ಕೂಡಲೇ ಹಲಗೆಯ ಮೇಲೆ ಪ್ರಶ್ನೋತ್ತರ ಬರೆದು, ಮಕ್ಕಳಿಂದ ಕಾಪಿ ಮಾಡಿಸಿ, ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಕೈತೊಳೆದುಕೊಂಡ ವರ್ಷಗಳು ನನ್ನ ಲೆಕ್ಕದಲ್ಲೂ ಇವೆ. ಆ ಗುರುತಿನ ಬೆಲೆ ಎಷ್ಟೆಂದು ನೀವೇ ನೋಡಿ.

ಈ ವಾಕ್ಯ ಓದಿ: 'ಜಿಂಬನು ಡುಂಪಿನಲ್ಲಿ ಪೆಂಚಿಯನ್ನು ಗಿಮಿಸಿದನು.' ಪ್ರಶ್ನೆ: ಜಿಂಬನು ಪೆಂಚಿಯನ್ನು ಎಲ್ಲಿ ಗಿಮಿಸಿದನು? ಉತ್ತರ: ಡುಂಪಿನಲ್ಲಿ. ಶಹಬ್ಬಾಸ್, ಹತ್ತಕ್ಕೆ ಹತ್ತು! ಜಿಂಬ ಯಾರು, ಡುಂಪು ಯಾವುದು? ನಿಮಗೂ ಗೊತ್ತಿಲ್ಲ, ಬರೆದ ನನಗೂ ಗೊತ್ತಿಲ್ಲ. ವಿಭಕ್ತಿ ಪ್ರತ್ಯಯ ನೋಡಿ ಉತ್ತರ ಹೆಕ್ಕಿದಿರಿ, ಅಷ್ಟೆ. ನಮ್ಮ ಮಕ್ಕಳು ವರ್ಷವಿಡೀ ಮಾಡುತ್ತಿರುವುದೂ ಇದನ್ನೇ.

ಬಹುಮಟ್ಟಿಗೆ ಬರೆದಂತೆಯೇ ಓದುವ ಲಿಪಿ ನಮ್ಮದು. ಕಾಗುಣಿತ, ಒತ್ತಕ್ಷರ ಬಂದರೆ ಸಾಕು, ಅರ್ಥ ತಿಳಿಯದ ಪದವನ್ನೂ ಮಗು ಸರಾಗವಾಗಿ ಉಚ್ಚರಿಸುತ್ತದೆ. ಅದು ದೊಡ್ಡ ಅನುಕೂಲವೇ. ಆದರೆ ನಾವು ಬೀಗ ತೆಗೆದದ್ದನ್ನೇ ಗೃಹಪ್ರವೇಶ ಎಂದುಕೊಂಡಿದ್ದೇವೆ! ಇನ್ನು ಮನೆಯಲ್ಲಿ ಯಾರೂ ಆಡದ ಇಂಗ್ಲಿಷಿನಲ್ಲಿ ಓದುವ ಮಗುವಿನ ಪಾಡು ಕೇಳಲೇಬೇಡಿ. ಅದಕ್ಕೆ ಇಡೀ ಪುಸ್ತಕವೇ ಜಿಂಬನ ಕಥೆ.

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು, ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ಮಾಡಿಕೊಂಡು ಓದಬೇಕೆಂದು ಗುರಿ ಇಟ್ಟಿತು. ನಾವು 60ನ್ನು ನೆನಪಿಟ್ಟುಕೊಂಡೆವು, 'ಅರ್ಥ ಮಾಡಿಕೊಂಡು' ಎಂಬುದನ್ನು ಮರೆತೆವು. ವೇಗವೇ ಬೇಡವೆಂದಲ್ಲ. ಅಕ್ಷರ ಕೂಡಿಸುವುದರಲ್ಲೇ ಸುಸ್ತಾದ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಆದರೆ ವೇಗ ದಾರಿಯೇ ಹೊರತು ಊರಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಟ್ಯೂಷನ್ ಬೇಡ, ಗೈಡ್ ಬೇಡ. ಅನ್ನ ಬೇಯುವಷ್ಟು ಹೊತ್ತು ಮಗುವಿನ ಪಕ್ಕ ಕುಳಿತು ನಿಮ್ಮ ಮನೆಮಾತಿನಲ್ಲಿ ಎರಡು ಪುಟ ಓದಿ ಹೇಳಿ. ನಡುವೆ ನಿಲ್ಲಿಸಿ, "ಹುಲಿ ಹಸುವನ್ನು ಬಿಟ್ಟು ಕಳಿಸಿತಲ್ಲ, ಅದು ವಾಪಸ್ ಬರುತ್ತಾ? ನೀನಾಗಿದ್ದರೆ ಬರ್ತಿದ್ಯಾ?" ಎಂದು ಕೇಳಿ. ಆಮೇಲೆ ಅದೇ ಕಥೆಯನ್ನು ಅಜ್ಜಿಗೋ ತಮ್ಮನಿಗೋ ಮಗು ತನ್ನ ಮಾತಿನಲ್ಲಿ ಹೇಳಲಿ. ತಡವರಿಸಿದ ಕಡೆ ಅರ್ಥವಾಗಿಲ್ಲವೆಂದು ತಿಳಿದು, ಅಲ್ಲಿಗೇ ಹಿಂತಿರುಗಿ ಓದಿ. ದೊಡ್ಡಿ, ಕೊಟ್ಟಿಗೆ ಕಾಣದ ಪೇಟೆಯ ಮಗುವಿಗೆ ನಿಘಂಟಿನ ಅರ್ಥ ಉರು ಹೊಡೆಸಬೇಡಿ. ಒಂದು ಚಿತ್ರ ತೋರಿಸಿ, ಇಲ್ಲವೇ ಊರಿಗೆ ಹೋದಾಗ ಹಟ್ಟಿಯನ್ನೇ ತೋರಿಸಿ. ಇದನ್ನು ಮಾತ್ರ ಪರೀಕ್ಷೆ ಮಾಡಬೇಡಿ. ಗದರಿಸಿದರೆ ಮಗು ಮತ್ತೆ ನೋಟ್ಸಿನ ಹಿಂದೆ ಅಡಗಿಕೊಳ್ಳುತ್ತದೆ.

ಅಂದು ಹೊರಡುವ ಮುಂಚೆ ಆ ಪುಟ್ಟಿ ಮೆಲ್ಲನೆ, "ಹಸುನ ತಿನ್ಲಿಲ್ವಲ್ಲ, ಹಸಿವಾಗಿ ಸತ್ತೋಯ್ತೇನೋ" ಎಂದಳು. ತಾಯಿ ತಲೆಗೆ ಮೊಟಕಲು ಕೈ ಎತ್ತಿದರು. ನಾನು ತಡೆದೆ. ಉತ್ತರ ತಪ್ಪಿರಬಹುದು, ಆದರೆ ಅದು ನೋಟ್ಸಿನದಲ್ಲ, ಅವಳದು. ಅಷ್ಟು ಹೊತ್ತು ಒದರಿದ ಮಗು ನಿಜವಾಗಿ ಓದಿದ್ದು ಆಗಲೇ.